ಗಿರಣಿ ಎಲ್ಲರಿಗೂ ತೆರೆದಿದೆ

ಕಸ್ತೂರಿಬಾಯಿಯ ಫೋಟೊ ಪೇಪರಿನಲ್ಲಿ ಬಂದ ದಿನ ಅವಳ ಎರಡೂ ಅಂಗೈ ಸುಲಿದಿದ್ದವು. ಬೀಸುಕಲ್ಲಿನ ಗೂಟಕ್ಕೆ ಹಳೇ ಸೀರೆಯ ಚಿಂದಿ ಸುತ್ತಿಕೊಂಡು ಜೋಳ ಬೀಸುತ್ತಿದ್ದಳು. ಚಿಂದಿಗೆ ರಕ್ತ ಹತ್ತಿ ಒಣಗಿ ಗಟ್ಟಿಯಾಗಿತ್ತು. ಐವತ್ತು ದಾಟಿದ ಹೆಂಗಸು. ಆಧಾರ್ ಕಾರ್ಡಿನ ಮೇಲೆ ಬಿಟ್ಟರೆ ಅವಳ ಫೋಟೊ ಎಲ್ಲಿಯೂ ಬಂದಿರಲಿಲ್ಲ. ಈಗ ಜಿಲ್ಲೆಗೆಲ್ಲ ಕಾಣುವ ಹಾಗೆ ಬಂತು. ಬಂದು ಅವಳ ಮಾನ ತೆಗೆಯಿತು.

"ಏ ಕಸ್ತೂರಿ, ಹೊರಗ ಬಾ ಬೇ!"

ಅಂಗಳದಲ್ಲಿ ಮಲ್ಕಪ್ಪ ನಿಂತಿದ್ದ. ರಿಟೈರಾದ ಬಸ್ ಕಂಡಕ್ಟರ್. ಈ ದಲಿತ ಕೇರಿಗೆ ಹಿರಿಯ. ದಿನಾ ಬೆಳಿಗ್ಗೆ ಬುದ್ಧ ವಿಹಾರದ ಕಟ್ಟೆಯ ಮೇಲೆ ಕೂತು ಪೇಪರನ್ನು ದೊಡ್ಡ ದನಿಯಲ್ಲಿ ಓದಿ ಹೇಳುವವನು ಅವನೇ. ಇವತ್ತು ಕಟ್ಟೆಯ ಜನರನ್ನೆಲ್ಲ ಎಬ್ಬಿಸಿಕೊಂಡು ಅವಳ ಮನೆಯ ಮುಂದೆ ಬಂದಿದ್ದ. ಪೇಪರನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದ.

"ಏನಂತ ಹೇಳಿದಿ ಆ ಪೇಪರಿನವನ ಮುಂದ? ಕೇಳ್ರಿ ಎಲ್ಲಾರು. 'ನಾವು ಆರಾಮಾಗಿದ್ದೇವೆ: ದಲಿತ ಮಹಿಳೆಯ ಮನದಾಳ.' ಕೆಳಗ ನೋಡ್ರಿ. 'ಗ್ರಾಮದಲ್ಲಿ ಬಹಿಷ್ಕಾರವಿಲ್ಲ, ಗಿರಣಿ ಎಲ್ಲರಿಗೂ ತೆರೆದಿದೆ.' ನಡುವ ನಿನ್ನ ಫೋಟೊ. ನಗಾಕತ್ತೀದಿ!"

ಕಸ್ತೂರಿಬಾಯಿ ಪೇಪರ್ ನೋಡಿದಳು. ಓದಲು ಬರುತ್ತಿರಲಿಲ್ಲ. ಆದರೆ ಅಲ್ಲಿದ್ದ ಹೆಂಗಸು ತಾನೇ, ನಗುತ್ತಿರುವುದೂ ಖರೆ. ಅಂಗಳದಲ್ಲಿ ನಿಂತಿದ್ದ ಒಬ್ಬಳು ಹೆಂಗಸು ಉಗುಳಿದಳು. ನೆಲಕ್ಕೇ ಉಗುಳಿದ್ದು, ಆದರೆ ಅದು ಯಾರಿಗೆ ಅನ್ನುವುದು ಎಲ್ಲರಿಗೂ ತಿಳಿಯಿತು.

ಈ ಊರಿನ ಹೆಸರು ಹೇಳುವುದಿಲ್ಲ. ಆಳಂದದಿಂದ ಅಫಜಲಪುರದ ಕಡೆ ಹೋಗುವಾಗ ಒಳದಾರಿ ಹಿಡಿದರೆ ಸಿಗುತ್ತದೆ, ಅಷ್ಟು ಸಾಕು. ಹೆಸರು ಹೇಳಿದರೆ ಉಳಿದ ಊರಿನವರು ನಾವಂತೂ ಹಾಗಿಲ್ಲಪ್ಪಾ ಎಂದು ಮೀಸೆ ತಿರುವಿಕೊಂಡು ಕೂರುತ್ತಾರೆ. ಅವರಿಗೆ ಆ ಸುಖ ಯಾಕೆ ಕೊಡಬೇಕು?

ನಡೆದದ್ದು ಇಷ್ಟು. ಊರಿನ ದೊಡ್ಡ ಮನೆಗಳಲ್ಲಿ ಯಾರಾದರೂ ಸತ್ತರೆ ಕೇರಿಯ ಗಂಡಸರು ಹೋಗಿ ಕುಣಿ ತೋಡಬೇಕು. ಸಾವಿನ ಸುದ್ದಿಯನ್ನು ಬೀಗರ ಊರುಗಳಿಗೆ ನಡೆದುಕೊಂಡು ಹೋಗಿ ಮುಟ್ಟಿಸುವುದೂ ಕೇರಿಯವರದೇ ಕೆಲಸವಾಗಿತ್ತು. ಮೊಬೈಲ್ ಬಂದ ಮೇಲೆ ಸುದ್ದಿ ಒಯ್ಯುವುದು ತಪ್ಪಿತು, ಕುಣಿ ತೋಡುವುದು ತಪ್ಪಲಿಲ್ಲ. ಬೇಸಿಗೆಯಲ್ಲಿ ಈ ಸೀಮೆಯ ಎರೆಮಣ್ಣು ಹಾರೆಗೂ ಜಗ್ಗುವುದಿಲ್ಲ. ಹೋದ ವರ್ಷ ಇಂಥದೇ ಬಿಸಿಲಿನಲ್ಲಿ ಒಂದು ಕುಣಿ ತೋಡುತ್ತ ಕಸ್ತೂರಿಬಾಯಿಯ ಗಂಡ ಅದರೊಳಗೇ ಕುಸಿದು ಬಿದ್ದ. ಮೇಲಿದ್ದವರು ಮೊದಲು ಕೇಳಿದ ಮಾತು, "ಆಳ ಸಾಕಾತೇನು ನೋಡ್ರಿ." ಆಮೇಲೆ ಅವನನ್ನು ಎತ್ತಿದರು. ಮನೆಗೆ ತರುವ ಹೊತ್ತಿಗೆ ಜೀವ ಇರಲಿಲ್ಲ.

ಈ ವರ್ಷ ಗೌಡರ ಧರ್ಮಣ್ಣನ ತಾಯಿ ತೀರಿಕೊಂಡಳು. ಆಳು ಬಂದು ಕರೆದ. ಕೇರಿಯಿಂದ ಒಬ್ಬನೂ ಏಳಲಿಲ್ಲ. ಕಸ್ತೂರಿಬಾಯಿ ಬಾಗಿಲಲ್ಲಿ ನಿಂತು ಹೇಳಿದಳು, "ನಿಮ್ಮವ್ವನ ಕುಣಿ ನೀವ ತೋಡ್ಕೋರಿ ಅಂತ ಹೇಳು."

ಧರ್ಮಣ್ಣ ಜೆಸಿಬಿ ತರಿಸಿದ. ಚಹಾ ಕುಡಿದು ಮುಗಿಸುವುದರೊಳಗೆ ಅದು ಕುಣಿ ತೋಡಿಬಿಟ್ಟಿತು. ಅಷ್ಟು ಸಲೀಸು ಕೆಲಸ! ಆದರೆ ಊರಿಗೆ ಬೇಕಾಗಿದ್ದದ್ದು ಕುಣಿಯಲ್ಲ. ಕುಣಿಯೊಳಗೆ ಬಗ್ಗಿದ ಬೆನ್ನುಗಳು ಬೇಕಾಗಿದ್ದವು. ಅವು ಕಾಣಲಿಲ್ಲವೆಂದು ಮೈಯೆಲ್ಲ ಉರಿ ಎದ್ದಿತು.

ಮುದುಕಿಯ ದಿನಕರ್ಮ ಮುಗಿಯುತ್ತಿದ್ದ ಹಾಗೆ ಊರು ಕೇರಿಯ ಬಾಯಿ ಕಟ್ಟಿತು. ಅಂಗಡಿಯಲ್ಲಿ ಉಪ್ಪು ಇಲ್ಲ. ಹೋಟೆಲ್ಲಿನಲ್ಲಿ ಚಹಾ ಇಲ್ಲ. ಹೊಲದಲ್ಲಿ ಕೂಲಿ ಇಲ್ಲ. ಕೇರಿಯವರೊಡನೆ ಮಾತಾಡಿದವರಿಗೆ ದಂಡ. ಟಂಟಂ ಆಟೋ ಓಡಿಸುವ ಬಂದೇನವಾಜ ಪಾಪ, ಜೋಳದ ಚೀಲಗಳನ್ನು ಆಳಂದಕ್ಕೆ ಒಯ್ದು ಬೀಸಿಸಿಕೊಂಡು ಬಂದ. ಮರುದಿನ ಅವನ ಟಂಟಂನ ಟೈರುಗಳನ್ನು ಯಾರೋ ಕೊಯ್ದಿದ್ದರು. ಅವನಿಗೂ ಹೆಂಡತಿ ಮಕ್ಕಳಿದ್ದಾರೆ, ಮತ್ತೆ ಕೇರಿಯ ಕಡೆ ಬರಲಿಲ್ಲ.

ಊರಿನಲ್ಲಿ ಇರುವುದು ಒಂದೇ ಹಿಟ್ಟಿನ ಗಿರಣಿ. ಶಂಕರಲಿಂಗನದು. ಮೊದಲು ಬೆಲ್ಟು ಹರಿದಿದೆ ಅಂದ. ಆಮೇಲೆ ಕರೆಂಟ್ ಇಲ್ಲ ಅಂದ. ಕಡೆಗೆ ನಾಚಿಕೆ ಬಿಟ್ಟು, "ನಿಮ್ಮದು ಬೀಸೂದಿಲ್ಲ, ನಡೀರಿ" ಅಂದ. ಜೋಳದ ಸೀಮೆ ಇದು. ರೊಟ್ಟಿ ಇಲ್ಲದೆ ಇಲ್ಲಿ ಊಟ ಎನ್ನುವುದೇ ಇಲ್ಲ. ಜೋಳ ಮನೆಯಲ್ಲಿತ್ತು, ಹಿಟ್ಟು ಇರಲಿಲ್ಲ. ಕೇರಿಯ ಹೆಂಗಸರು ಮೂಲೆಯಲ್ಲಿ ಬಿದ್ದಿದ್ದ ಬೀಸುಕಲ್ಲುಗಳನ್ನು ಹುಡುಕಿ ತೆಗೆದರು. ಒಂದು ಕಲ್ಲು ಬಟ್ಟೆ ಒಗೆಯುವ ಕಲ್ಲಾಗಿತ್ತು, ಇನ್ನೊಂದು ಮೆಟ್ಟಿಲಾಗಿತ್ತು. ಕಿತ್ತು ತೊಳೆದು ಕೂತರು. ಅತ್ತೆ ಬಿಟ್ಟರೆ ಸೊಸೆ, ಸೊಸೆ ಬಿಟ್ಟರೆ ಅತ್ತೆ. ಭುಜದ ಕೀಲು ಸುಟ್ಟುಹೋಗುವ ಹಾಗೆ ನೋವು. ಬೀಸಿ ಎದ್ದರೆ ಸೊಂಟ ನೆಟ್ಟಗಾಗುತ್ತಿರಲಿಲ್ಲ. ಹಿಟ್ಟಿನಲ್ಲಿ ಕಲ್ಲಿನ ಪುಡಿ, ರೊಟ್ಟಿ ಕಚ್ಚಿದರೆ ಹಲ್ಲಿಗೆ ಕರಕರ. ಮಕ್ಕಳು ಉಗುಳಿ ಅಳುತ್ತಿದ್ದವು.

ಮಲ್ಕಪ್ಪ ಅರ್ಜಿ ಬರೆದ. ಎಲ್ಲರೂ ಹೆಬ್ಬೆಟ್ಟು, ಸಹಿ ಹಾಕಿದರು. ಅರ್ಜಿ ತಾಲೂಕಿನ ದೊಡ್ಡ ಕಚೇರಿಗೆ ಹೋಯಿತು. ಅದರ ಬೆನ್ನ ಹಿಂದೆಯೇ ಪೇಪರಿನವನು ಬಂದ.

ಹೆಸರು ಕಲ್ಯಾಣಕುಮಾರ. ಮೋಟಾರ್ ಸೈಕಲ್ಲಿನ ಮೇಲೆ ಕೆಂಪಕ್ಷರದಲ್ಲಿ ಪ್ರೆಸ್ ಅಂತ ಬರೆಸಿಕೊಂಡವನು. ಧರ್ಮಣ್ಣನ ಮನೆಯಲ್ಲಿ ಉಂಡು, ಎಲೆ ಅಡಿಕೆ ಜಗಿಯುತ್ತ ಕೇರಿಗೆ ಬಂದ. ಮೊದಲ ಮನೆಯೇ ಕಸ್ತೂರಿಬಾಯಿಯದು.

"ಶರಣ್ರಿ ಆಯಿ. ಆರಾಮ ಇದ್ದೀರಿ?"

"ಆರಾಮ ಇದ್ದೇವ್ರಿ ಸಾಹೇಬ್ರ. ನೀವು ಆರಾಮ? ಬರ್ರಿ, ಕೂಡ್ರಿ."

ಇದು ಈ ಸೀಮೆಯ ಪದ್ಧತಿ. ಮನೆಯಲ್ಲಿ ಹೆಣ ಬಿದ್ದಿದ್ದರೂ ಬಾಗಿಲಿಗೆ ಬಂದವರು ಆರಾಮ ಏನ್ರಿ ಎಂದರೆ ಆರಾಮ ರಿ ಅನ್ನಬೇಕು. ನೀರು ಕೊಡಬೇಕು. ಆಮೇಲೆ ಅಳುವುದು. ಬಂದ ಮನುಷ್ಯನ ಮುಖಕ್ಕೆ ಇಲ್ರಿ, ಆರಾಮ ಇಲ್ಲ ಎಂದು ಹೊಡೆದ ಹಾಗೆ ಹೇಳುವವರು ಇಲ್ಲಿ ಯಾರೂ ಇಲ್ಲ. ಕಲ್ಯಾಣಕುಮಾರನೂ ಇದೇ ನೆಲದಲ್ಲಿ ಹುಟ್ಟಿದವನು. ಅವನಿಗೆ ಇದು ಗೊತ್ತಿರಲಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಅವಳು ತಂಬಿಗೆಯಲ್ಲಿ ನೀರು ಕೊಟ್ಟಳು. ಅವನು ಇಸಿದುಕೊಂಡ, ಕುಡಿಯಲಿಲ್ಲ. ಮಾತಿನ ನಡುವೆ ಗೋಡೆಯ ಪಕ್ಕ ಇಟ್ಟುಬಿಟ್ಟ. ಕಸ್ತೂರಿಬಾಯಿ ಕಂಡೂ ಕಾಣದವಳ ಹಾಗಿದ್ದಳು. ಪೇಪರಿನವನು, ಬರೆಯಲಿ ಪಾಪ, ನೀರು ಕುಡಿಯದಿದ್ದರೆ ಏನಾಯಿತು ಅಂದುಕೊಂಡಳು. ಬಾಯಿ ಬಿಚ್ಚಿ ಎಲ್ಲ ಹೇಳಿದಳು. ಗಂಡ ಸತ್ತದ್ದು, ಜೆಸಿಬಿ ಬಂದದ್ದು, ಗಿರಣಿ, ಅಂಗಡಿ. ಎರಡೂ ಅಂಗೈ ಅವನ ಮುಖದ ಮುಂದೆ ಹಿಡಿದಳು. ಅವನ ಮೊಬೈಲು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿತ್ತು.

"ಅಂದ್ರ ಗಿರಣಿ ಬಂದ್ ಮಾಡ್ಯಾರೇನು?"

"ಬಂದ್ ಇಲ್ರಿ, ತೆರದೇ ಅದ. ಊರ ಮಂದಿ ದಿನಾ ಬೀಸಿಕೊಂಡು ಹೋಗ್ತಾರ. ನಾವು ಹೋದ್ರ ಅಷ್ಟೇ ಇಲ್ಲ."

"ಹಾಂ ಹಾಂ. ಒಂದ್ ಫೋಟೊ ತಗೀತೇನಿ ಆಯಿ. ಮೊಮ್ಮಗಳನ್ನ ಎತ್ತಿಕೋರಿ."

ಅಲ್ಲೇ ಆಡುತ್ತಿದ್ದ ಮೊಮ್ಮಗಳು ಕಂಕುಳಿಗೆ ಏರಿದ ಕೂಡಲೇ ಅಜ್ಜಿಯ ಮೂಗು ಹಿಡಿದಳು. ಕಸ್ತೂರಿಬಾಯಿ ನಕ್ಕಳು. ಅವನಿಗೆ ಬೇಕಾಗಿದ್ದದ್ದು ಸಿಕ್ಕಿತು.

ಅವಳ ಬಾಯಿಂದ ಬಂದ ಮಾತುಗಳೇ ಪೇಪರಿನಲ್ಲಿದ್ದವು. 'ಆರಾಮ ಇದ್ದೇವೆ' ಅಂದದ್ದು ಹೌದು. 'ಗಿರಣಿ ತೆರೆದಿದೆ' ಅಂದದ್ದೂ ಹೌದು. 'ಬಹಿಷ್ಕಾರವಿಲ್ಲ', 'ಎಲ್ಲರಿಗೂ' ಅನ್ನುವುದನ್ನು ಮಾತ್ರ ಅವನೇ ಸೇರಿಸಿ, ಉಳಿದದ್ದನ್ನು ಕತ್ತರಿಸಿ ಬಿಸಾಕಿದ್ದ. ಕುರಿ ಕೊಯ್ಯುವವನಾದರೂ ತಲೆ ಕಾಲು ಲೆಕ್ಕಕ್ಕೆ ಇಟ್ಟುಕೊಳ್ಳುತ್ತಾನೆ. ಇವನು ಅದನ್ನೂ ಮಾಡಲಿಲ್ಲ.

ಅಂಗಳದಲ್ಲಿ ಮಲ್ಕಪ್ಪ ಇನ್ನೂ ಕೂಗುತ್ತಿದ್ದ. "ಇವರ ಕುಣ್ಯಾಗೇ ನಿನ್ನ ಗಂಡ ಸತ್ತಾನ. ಅವನ ಮಾರಿ ನೆನಪಾಗಲಿಲ್ಲೇನು ನಿನಗ? ಏನ್ ಕೊಟ್ರು ಗೌಡ್ರು?"

"ಮಲ್ಕಣ್ಣಾ, ಬಾಯಿ ಸಂಭಾಳಸು. ನಾ ಹಂಗ ಹೇಳಿಲ್ಲ."

"ಪೇಪರಿನಾಗ ಬಂದದ! ಅಚ್ಚಾಗಿ ಬಂದದ! ಇಲ್ಲದ್ದು ಹೆಂಗ ಬರ್ತದ?"

ಅವನ ತಪ್ಪು ಅದೇ. ಬಸ್ಸಿನ ಸೀಟಿನ ಮೇಲೆ ಬಿಟ್ಟುಹೋದ ಪೇಪರುಗಳನ್ನು ಓದಿಯೇ ಅವನು ಅಕ್ಷರ ಪಕ್ಕಾ ಮಾಡಿಕೊಂಡವನು. ಅಕ್ಷರ ತಮ್ಮವರಿಗೆ ದಕ್ಕಿದ್ದು ಎಷ್ಟು ಪೆಟ್ಟು ತಿಂದ ಮೇಲೆ ಎಂಬುದು ಅವನಿಗೆ ಗೊತ್ತಿತ್ತು. ಹಾಗಾಗಿ ಅಚ್ಚಾದದ್ದೆಲ್ಲ ಅವನಿಗೆ ಸತ್ಯವೇ. ಕೇರಿಯೂ ಅವನನ್ನು ನಂಬುತ್ತಿತ್ತು. ಅವನು ಓದಿದ್ದನ್ನು ಯಾರೂ ಎದುರು ಕೇಳಿದವರಲ್ಲ.

ಕೇಳಿದವಳು ಕಸ್ತೂರಿಬಾಯಿಯ ಸೊಸೆ ರಮಾಬಾಯಿ. ಗಂಡ ಕಬ್ಬು ಕಡಿಯುವ ಗ್ಯಾಂಗಿನೊಡನೆ ಹೋಗಿದ್ದ. ಹತ್ತನೇ ತರಗತಿ ಮುಗಿಸಿದ್ದಳು, ಮಾತು ಖಾರ. ಹಿಟ್ಟು ಮೆತ್ತಿದ ಕೈಯಲ್ಲೇ ಬಂದು ಮಲ್ಕಪ್ಪನ ಎದುರು ನಿಂತಳು.

"ಮಾವಾ, ಬಯ್ಯೂದು ಆಮ್ಯಾಗ ಬಯ್ರಿ. ಮೊದಲ ಪೂರಾ ಓದ್ರಿ. ಒಂದೊಂದು ಸಾಲಿಗೂ ನಿಂದರ್ರಿ. ಯಾರು ಕಂಡಾರ, ಯಾರು ಹೇಳ್ಯಾರ, ಅದನ್ನ ಹೇಳ್ರಿ."

ಮಲ್ಕಪ್ಪ ಸಿಟ್ಟಿನಿಂದಲೇ ಓದಿದ. "'ಗ್ರಾಮದಲ್ಲಿ ಎಲ್ಲರೂ ಅಣ್ಣತಮ್ಮಂದಿರಂತೆ ಬಾಳುತ್ತಿದ್ದಾರೆ ಎಂದು ಗ್ರಾಮಸ್ಥರು ಹೇಳುತ್ತಾರೆ.'"

"ಯಾವ ಗ್ರಾಮಸ್ಥರು? ನೀವು ಹೇಳೀರೇನು? ಇಲ್ಲಿ ನಿಂತವರೊಳಗ ಯಾರರ ಹೇಳೀರೇನು?"

ಯಾರೂ ಹೇಳಿರಲಿಲ್ಲ.

"ಮುಂದ ಓದ್ರಿ."

"'ಹೊರಗಿನ ಕೆಲವರು ಮುಗ್ಧ ಜನರನ್ನು ಪ್ರಚೋದಿಸುತ್ತಿದ್ದಾರೆ ಎಂದು ಮೂಲಗಳು ತಿಳಿಸಿವೆ.'"

"ಮೂಲಗಳು ಅಂದ್ರ ಯಾರು?" ಕಸ್ತೂರಿಬಾಯಿ ನಡುವೆ ಬಾಯಿ ಹಾಕಿದಳು.

"ಅಂದ್ರ... ಹೇಳಿದವರು."

"ಅವರಿಗೆ ಹೆಸರಿಲ್ಲೇನು? ಅವ್ವ ಅಪ್ಪ ಇಲ್ಲೇನು?" ಅವಳ ದನಿ ಏರಿತು. "ನನ್ನ ಮಾವ ಸಾವಿನ ಸುದ್ದಿ ಒಯ್ತಿದ್ದ. ಇಲ್ಲಿಂದ ಜೇವರ್ಗಿತನಕ ನಡಕೊಂಡು ಹೋಗ್ತಿದ್ದ. ಹೋದ ಕೂಡ್ಲೆ ಅವರು ಕೇಳೂದು ಒಂದೇ ಮಾತು, ಹೆಣ ನೀನೇ ಕಂಡಿಯೋ, ಕೇಳಿ ಬಂದಿಯೋ? ಕೇಳಿ ಬಂದೇನಿ ಅಂದ್ರ ಹೇಳಿದವರ ಹೆಸರು ಹೇಳಬೇಕು. ಸುದ್ದಿ ಸುಳ್ಳಾದ್ರ ಬೆನ್ನ ಮ್ಯಾಗ ಬಾರಕೋಲು. ಆ ಬಾಸುಂಡಿ ನಾ ಕಂಡೇನಿ. ಈ ಸುದ್ದಿ ತಂದವನ ಬೆನ್ನ ಮ್ಯಾಗ ಏನದ? ಇಸ್ತ್ರಿ ಮಾಡಿದ ಅಂಗಿ!"

ಯಾರೋ ಕಿಸಕ್ಕನೆ ನಕ್ಕರು. ಮಲ್ಕಪ್ಪ ನಗಲಿಲ್ಲ. ಪೇಪರನ್ನು ಮಡಚಿ ಬಗಲಲ್ಲಿಟ್ಟುಕೊಂಡು, "ಆದ್ರೂ ಆರಾಮ ಇದ್ದೇವಿ ಅಂತ ನೀ ಅಂದದ್ದು ಖರೆ" ಎಂದು ಗೊಣಗುತ್ತ ಹೋದ. ಜನರೂ ಚದುರಿದರು. ಮರುದಿನ ಕಸ್ತೂರಿಬಾಯಿ ನೀರಿಗೆ ಹೋದರೆ ಕೇರಿಯ ಹೆಂಗಸರು ಅವಳ ಕೊಡಕ್ಕೆ ಜಾಗ ಬಿಡಲಿಲ್ಲ. ಊರು ಕೇರಿಯನ್ನು ಹೊರಗಿಟ್ಟಿತ್ತು. ಈಗ ಕೇರಿ ಅವಳನ್ನು ಹೊರಗಿಟ್ಟಿತು. ಅವಳಿಗೆ ಗಂಡ ಸತ್ತಾಗಲೂ ಇಷ್ಟು ಒಂಟಿ ಅನ್ನಿಸಿರಲಿಲ್ಲ.

ಆ ಭಾನುವಾರ ಅದೇ ಪೇಪರಿನಲ್ಲಿ ಅದೇ ಕಲ್ಯಾಣಕುಮಾರ ಒಂದು ಲೇಖನ ಬರೆದ. ಇದು ಸುದ್ದಿಯಲ್ಲ, ಅಭಿಪ್ರಾಯ. ಮೇಲೆ ಅವನದೇ ಫೋಟೊ, ಗಲ್ಲಕ್ಕೆ ಕೈ ಆನಿಸಿ ದೇಶದ ಚಿಂತೆಯಲ್ಲಿದ್ದ. ತಲೆಬರಹ 'ಊರು ಒಡೆಯುವವರು ಯಾರು?' ಒಳಗೆ ಸಾಮರಸ್ಯ, ಪರಂಪರೆ, ಮಣ್ಣಿನ ವಾಸನೆ ಅಂತ ಏನೇನೋ ತುಂಬಿಸಿದ್ದ. ನಡುವೆ ಒಂದು ಮಾತು. 'ಸ್ವತಃ ದಲಿತ ಮಹಿಳೆಯೇ ಆರಾಮಾಗಿದ್ದೇವೆ ಎಂದು ನಮ್ಮ ಪತ್ರಿಕೆಗೆ ತಿಳಿಸಿರುವಾಗ, ನಿವೃತ್ತ ನೌಕರನೊಬ್ಬ ತನ್ನ ಸ್ವಾರ್ಥಕ್ಕಾಗಿ ದೂರು ಬರೆಸಿ ಊರಿಗೆ ಬೆಂಕಿ ಹಚ್ಚುತ್ತಿರುವುದು ಯಾರಿಗೂ ತಿಳಿಯದ ಗುಟ್ಟೇನಲ್ಲ.'

ತಾನೇ ಕತ್ತರಿಸಿದ ಮಾತನ್ನು ತಾನೇ ಸಾಕ್ಷಿಗೆ ಕರೆದಿದ್ದ! ಕಳ್ಳ ತನ್ನ ಜೇಬಿನಿಂದಲೇ ಸಾಕ್ಷಿದಾರನನ್ನು ತೆಗೆದ ಹಾಗೆ.

ಮಲ್ಕಪ್ಪ ಅಂದು ಕಟ್ಟೆಯ ಮೇಲೆ ಪೇಪರ್ ಓದಲಿಲ್ಲ. ಒಬ್ಬನೇ ಓದಿಕೊಂಡ. ಮತ್ತೆ ಓದಿದ. ಊರಲ್ಲಿ ನಿವೃತ್ತ ನೌಕರ ಅಂದರೆ ಅವನೊಬ್ಬನೇ. ಸಂಜೆ ಕಸ್ತೂರಿಬಾಯಿಯ ಮನೆಯ ಮುಂದೆ ಬಂದು ನಿಂತ. ಅವಳು ಬೀಸುತ್ತಿದ್ದಳು, ಏಳಲಿಲ್ಲ.

"ಕಸ್ತೂರಿ, ನನ್ನ ಮ್ಯಾಗೂ ಸುಳ್ಳ ಬರದಾನ."

"ಹೌದೇನು?"

"ನನಗೇನ್ ಸ್ವಾರ್ಥ ಬೇ? ನನಗ ಪಿಂಚಣಿ ಬರ್ತದ. ಯಾರ ಕಡೀಂದ ಏನ್ ತಿಂದೇನಿ ನಾನು? ಅವ ನನ್ನ ಮಾರಿ ಸುದ್ದಾ ನೋಡಿಲ್ಲ. ಇವತ್ತು ನನಗ ತಿಳೀತು."

"ನನ್ನ ಮ್ಯಾಗ ಬರದಾಗ ಯಾಕ ತಿಳೀಲಿಲ್ಲ ಮಲ್ಕಣ್ಣಾ?"

 ಅವಳು ಅವನನ್ನು ಸುಲಭವಾಗಿ ಬಿಡಲಿಲ್ಲ. ಕೂಡು ಅನ್ನಲಿಲ್ಲ, ನೀರು ಕೊಡಲಿಲ್ಲ. ಕಲ್ಲು ಗರಗರ ತಿರುಗುತ್ತಲೇ ಇತ್ತು. ಕಡೆಗೆ ಅವನು ತಾನೇ ಕೆಳಗೆ ಕೂತು ಗೂಟಕ್ಕೆ ಕೈ ಹಾಕಿದ. "ಬಿಡು ಜರಾ, ನಾ ಬೀಸ್ತೇನಿ." ಗಂಡಸು ಬೀಸುಕಲ್ಲು ಹಿಡಿದದ್ದನ್ನು ಆ ಕೇರಿ ಕಂಡಿರಲಿಲ್ಲ. ಸ್ವಲ್ಪದರಲ್ಲೇ ಏದುಸಿರು ಬಿಟ್ಟ. "ಆಯ್ತೇನು, ಆರಾಮ ಅದೇನು?" ಎಂದಳು ಕಸ್ತೂರಿಬಾಯಿ.

ಆ ವಾರವೇ ಊರ ಶಾಲೆಯಲ್ಲಿ ಶಾಂತಿ ಸಭೆ ಇಟ್ಟರು. ದೊಡ್ಡ ಕಚೇರಿಯ ಸಾಹೇಬ ಜೀಪಿನಲ್ಲಿ ಬಂದ. ಧರ್ಮಣ್ಣ ಶಾಲು ಹೊದಿಸಿದ. ಊರಿನವರಿಗೆ ಕುರ್ಚಿ, ಕೇರಿಯವರಿಗೆ ಜಮಖಾನ. ಕಲ್ಯಾಣಕುಮಾರ ಸಾಹೇಬನ ಪಕ್ಕದಲ್ಲಿ ಕೂತಿದ್ದ. ಸಾಹೇಬ ಫೈಲು ಬಿಚ್ಚಿದ. ಕೇರಿಯ ಅರ್ಜಿಯ ಮೇಲೆ ಪೇಪರಿನ ಎರಡು ಕತ್ತರಿಕೆಗಳನ್ನು ಪಿನ್ನು ಹಾಕಿ ಚುಚ್ಚಿದ್ದರು. ಅರ್ಜಿ ಕಾಣುತ್ತಲೇ ಇರಲಿಲ್ಲ.

"ನೋಡ್ರಿ, ಬಹಿಷ್ಕಾರ ಅಂತ ಬರದೀರಿ. ಪತ್ರಿಕೆಯೊಳಗ ಬಹಿಷ್ಕಾರ ಇಲ್ಲ ಅಂತ ಬಂದದ. ಪತ್ರಿಕೆಯವರು ಸ್ಥಳಕ್ಕ ಬಂದು ಪರಿಶೀಲನೆ ಮಾಡ್ಯಾರ. ವಿಚಾರವಂತರು ಲೇಖನ ಬರದಾರ. ನಿಮ್ಮ ಮಹಿಳೇನೇ ಹೇಳ್ಯಾಳ. ಈ ಅರ್ಜಿ ಇವತ್ತಿಗೆ ಮುಗಸೂಣು. ಎಲ್ಲಾರೂ ಕೈ ಕೂಡಿಸ್ರಿ."

ಇವನಾದರೂ ಗಿರಣಿಯ ಕಡೆ ಹೋಗಿ ನೋಡಿದ್ದನೇ? ಇಲ್ಲ. ಸುದ್ದಿಯನ್ನು ಲೇಖನ ನಂಬಿತು, ಲೇಖನವನ್ನು ಸಾಹೇಬ ನಂಬಿದ. ಗಿರಣಿ ಶಾಲೆಯ ಹಿಂದೆಯೇ ಇತ್ತು. ಅದರ ಸದ್ದು ಸಭೆಗೆ ಕೇಳುತ್ತಿತ್ತು. ಬರೆದವನಾಗಲಿ, ನಂಬಿದ ಸಾಹೇಬನಾಗಲಿ ಅಲ್ಲಿಯವರೆಗೆ ಹೆಜ್ಜೆ ಎತ್ತಿ ಇಟ್ಟಿರಲಿಲ್ಲ.

ಕಸ್ತೂರಿಬಾಯಿ ಎದ್ದು ನಿಂತಳು.

"ಆ ಮಹಿಳಾ ನಾನ ರಿ."

"ಹಾಂ, ಬಾರವ್ವ. ಹೇಳು. ಹೆದರಬ್ಯಾಡ." ಸಾಹೇಬ ನಕ್ಕ. ಕಲ್ಯಾಣಕುಮಾರ ಮೊಬೈಲು ಮೇಲೆತ್ತಿದ.

"ಹೇಳೂದಿಲ್ರಿ. ಹೇಳಿದ್ರ ಇವರು ಅರ್ಧಾ ಕೊಯ್ತಾರ. ನೀವ ಎದ್ದು ಬರ್ರಿ. ಗಿರಣಿ ಎಲ್ಲಾರಿಗೂ ತೆರದದ ಅಂತ ಬರದಾರಲ್ಲ, ನೋಡೂಣು ಬರ್ರಿ."

"ಏ, ಸಭಾ ನಡದದ, ಕೂಡು ಬೇ!" ಧರ್ಮಣ್ಣ ಗದರಿದ.

"ನಿಮ್ಮ ಸಭಾ ನಿಮ್ಮ ಕುರ್ಚಿ ಮ್ಯಾಗ ನಡೀಲಿ. ನನಗ ಹಿಟ್ಟ ಬೇಕು."

ಅವಳು ಹೊರಟೇಬಿಟ್ಟಳು. ರಮಾಬಾಯಿ ಮನೆಗೆ ಓಡಿಹೋಗಿ ಜೋಳದ ಬುಟ್ಟಿ ತಂದು ಅತ್ತೆಯ ತಲೆಯ ಮೇಲಿಟ್ಟಳು. ಜಮಖಾನದ ಮೇಲೆ ಕೂತಿದ್ದ ಕೇರಿ ಎದ್ದಿತು. ಮೊನ್ನೆ ಉಗುಳಿದ ಹೆಂಗಸೂ ಎದ್ದಳು. ಸಾಹೇಬನಿಗೆ ಬೇರೆ ದಾರಿ ಇರಲಿಲ್ಲ, ಶಾಲು ಜಾರಿಸಿಕೊಳ್ಳುತ್ತ ಹಿಂದೆ ಬಂದ.

ಗಿರಣಿಯಲ್ಲಿ ಊರ ಹೆಂಗಸೊಬ್ಬಳ ಗೋಧಿ ಬೀಳುತ್ತಿತ್ತು. ಕೇರಿಯವರನ್ನು ಕಂಡದ್ದೇ ಶಂಕರಲಿಂಗ ಸ್ವಿಚ್ಚಿಗೆ ಕೈ ಹಾಕಿ ಬಂದ್ ಮಾಡಿದ. ಬೆಲ್ಟು ನಿಧಾನಕ್ಕೆ ನಿಂತಿತು.

"ಕರೆಂಟ್ ಹೋಯ್ತ್ರಿ" ಎಂದ.

ಅವನ ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಸಾಹೇಬ ಫ್ಯಾನು ನೋಡಿದ. ಕಲ್ಯಾಣಕುಮಾರ ಫ್ಯಾನು ನೋಡಿದ. ಇಬ್ಬರೂ ಕಣ್ಣು ಕೆಳಗೆ ಹಾಕಿದರು.

"ಆಯ್ತಲ್ಲವ್ವ, ಕರೆಂಟ್ ಬಂದ ಮ್ಯಾಗ ಬೀಸ್ತಾನ. ನಡೀರಿ" ಎಂದ ಸಾಹೇಬ.

ಇದೇ ಮಾತು ಕಸ್ತೂರಿಬಾಯಿಯ ಎದೆ ಒಡೆಯಿತು. ಕಣ್ಣಿಂದ ಕಂಡರೂ ಇಲ್ಲ ಅನ್ನುವವರ ಮುಂದೆ ಇನ್ನು ಅಂಗೈ ತೋರಿಸಿ ಏನಾಗಬೇಕು? ಆಕೆ ಹೊಸ್ತಿಲ ಆಚೆ ನಿಂತಿದ್ದಳು. ಕೇರಿಯವರು ಯಾವಾಗಲೂ ಅಲ್ಲೇ ನಿಲ್ಲುತ್ತಿದ್ದರು. ಬೀಸುತ್ತಿದ್ದ ಕಾಲದಲ್ಲೂ ಬುಟ್ಟಿ ಹೊರಗಿಟ್ಟು ದೂರ ಸರಿಯಬೇಕಿತ್ತು. ಆ ಹೊಸ್ತಿಲನ್ನು ಅವಳು ದಾಟಿದಳು. ಬುಟ್ಟಿಯನ್ನು ಗಿರಣಿಯ ಬಾಯಿಗೆ ಬೋರಲು ಹಾಕಿದಳು. ಜೋಳ ಧೋ ಎಂದು ಬಿತ್ತು. ಗೋಡೆಯ ಮೇಲಿನ ಸ್ವಿಚ್ಚು ಎಳೆದಳು.

ಗಿರಣಿ ಗುಡುಗಿತು.

"ಏ! ಮುಟ್ಟಿದ್ಳಲೇ! ಹೊಲಸ ಮಾಡಿದ್ಳು!" ಶಂಕರಲಿಂಗ ಹಾರಿಬಂದು ಅವಳ ತುರುಬು ಹಿಡಿದ. ಹಿಂದಕ್ಕೆ ಜಗ್ಗಿದ. ಅವಳು ಗಿರಣಿಯ ಕಬ್ಬಿಣದ ಕಾಲನ್ನು ಎರಡೂ ಕೈಯಿಂದ ಅಪ್ಪಿ ಹಿಡಿದಳು. ಸುಲಿದ ಅಂಗೈ ಮತ್ತೆ ಬಿಚ್ಚಿತು. ಬಿಡಲಿಲ್ಲ. ಅವನು ಒದ್ದ. ಸೊಂಟಕ್ಕೆ ಬಿತ್ತು. ಬಿಡಲಿಲ್ಲ. ರಮಾಬಾಯಿ ಒಳಗೆ ನುಗ್ಗಿ ಅವನ ಕೈ ಕಚ್ಚಿದಳು. ಮಲ್ಕಪ್ಪ ಬಾಗಿಲಿಗೆ ಅಡ್ಡ ನಿಂತು, "ಜೋಳ ಮುಗಿಯೂತನಕ ಯಾವನೂ ಒಳಗ ಬರಬ್ಯಾಡ್ರಿ!" ಎಂದು ಕೂಗಿದ. ಬಸ್ಸಿನಲ್ಲಿ ಜನ ತಡೆದ ಗಂಟಲು ಅದು.

ಹಿಟ್ಟು ಬಂತು. ಬೆಚ್ಚಗಿನ, ನುಣ್ಣನೆಯ, ಕಲ್ಲಿನ ಪುಡಿ ಇಲ್ಲದ ಹಿಟ್ಟು. ಬುಟ್ಟಿ ಇಡುವವರು ಇರಲಿಲ್ಲ. ನೆಲದ ಮೇಲೆ, ಕಸ್ತೂರಿಬಾಯಿಯ ತಲೆಯ ಮೇಲೆ, ಬೆನ್ನಿನ ಮೇಲೆ ಸುರಿಯಿತು. ಪೊಲೀಸಿನವರು ಬಂದು ಎಳೆಯುವವರೆಗೂ ಅವಳು ಅಲ್ಲೇ ಇದ್ದಳು. ಆ ಹೊತ್ತಿಗೆ ಕಲ್ಯಾಣಕುಮಾರ ಸಾಕಷ್ಟು ಫೋಟೊ ತೆಗೆದಿದ್ದ.

ಮರುದಿನದ ಪೇಪರಿನಲ್ಲಿ ಅವಳ ಫೋಟೊ ಇನ್ನೂ ದೊಡ್ಡದಾಗಿ ಬಂತು. ಮೈಯೆಲ್ಲ ಬೆಳ್ಳಗೆ, ಬಾಯಿ ತೆರೆದು ಕಿರುಚುತ್ತಿದ್ದಳು. 'ಗಿರಣಿಗೆ ನುಗ್ಗಿ ದಾಂಧಲೆ: ಶಾಂತಿ ಸಭೆಗೆ ಭಂಗ ತಂದ ಮಹಿಳೆ. ಮಾಲೀಕ ಬೇಡವೆಂದರೂ ಬಲವಂತವಾಗಿ ಜೋಳ ಬೀಸಿದ ಗುಂಪು.' ಶಂಕರಲಿಂಗ ದೂರು ಕೊಟ್ಟ. ಅವಳ ಮೇಲೆ ಕೇಸಾಯಿತು. ಅವಳನ್ನು ಒದ್ದವನ ಮೇಲೆ ಆಗಲಿಲ್ಲ.

ಠಾಣೆಗೆ ಕರೆ ಬಂತು. ಹೋಗುವ ಮುಂಚೆ ಮಲ್ಕಪ್ಪ ಕಾಗದ ಪೆನ್ನು ತಂದ. "ಇದಕ್ಕ ಖಂಡನಾ ಬರದು ಪೇಪರಿಗೆ ಕಳಸ್ತೇನಿ. ಎಲ್ಲಾ ಸುಳ್ಳ ಅಂತ ಬರೀತೇನಿ."

"ಯಾವುದು ಸುಳ್ಳ? ಓದು."

ಅವನು ಓದಿದ. ಈ ಸಲ ಒಂದೊಂದು ಸಾಲಿಗೂ ನಿಂತ. ಅವಳು ಕಣ್ಣು ಮುಚ್ಚಿ ಕೇಳಿದಳು.

"ನುಗ್ಗೇನಿ. ಖರೆ. ಮಾಲಕ ಬ್ಯಾಡ ಅಂದ. ಖರೆ. ಜುಲುಮಿಲೆ ಬೀಸೇವಿ. ಅದೂ ಖರೆ. ದಾಂಧಲೆ ಅಂದದ್ದು ಅವನ ಮಾತು, ಇರಲಿ. ಖಂಡನಾ ಬ್ಯಾಡ ಮಲ್ಕಣ್ಣಾ. ಆ ಹಳೇ ಪೇಪರ್ ಇಟ್ಟೀಯೇನು? ತಗೊಂಡು ಬಾ."

ಠಾಣೆಯ ಬೆಂಚಿನ ಮೇಲೆ ಕೂಡಲು ಯಾರೂ ಹೇಳಲಿಲ್ಲ. ಅವಳು ಕೂತಳು. ಹಿಂದೆ ಕೇರಿ ನಿಂತಿತ್ತು. ಹೇಳಿಕೆ ಬರೆದುಕೊಳ್ಳುವ ಪೊಲೀಸ್ ಟೇಬಲ್ಲಿನ ಮೇಲೆ ಅಂದಿನ ಪೇಪರ್ ಹರಡಿಕೊಂಡಿದ್ದ. ಅವನಿಗೆ ಬೇರೆ ಕೆಲಸಗಳಿದ್ದವು, ಗಡಿಬಿಡಿ.

"ಪೇಪರಿನಾಗ ಎಲ್ಲಾ ಬಂದದ. ಸುಮ್ನ ಲಂಬಾ ಮಾಡಬ್ಯಾಡ. ನೀ ಗಿರಣಿಗೆ ನುಗ್ಗೀದಿ, ಮಾಲಕ ಬ್ಯಾಡ ಅಂದ್ರೂ ಬೀಸೀದಿ. ಖರೇನೋ ಸುಳ್ಳೋ?"

"ಖರೆ ಸಾಹೇಬ್ರ. ಬರಕೋರಿ."

ಅವನಿಗೇ ಆಶ್ಚರ್ಯವಾಯಿತು. ಇಷ್ಟು ಸಲೀಸಾಗಿ ಒಪ್ಪುವವರು ಅವನಿಗೆ ಸಿಕ್ಕಿರಲಿಲ್ಲ. ಬರೆದುಕೊಂಡ. ಓದಿ ಹೇಳ್ರಿ ಎಂದಳು. ಓದಿ ಹೇಳಿದ. ಹೆಬ್ಬೆಟ್ಟು ಒತ್ತು ಎಂದು ಶಾಯಿ ಪ್ಯಾಡು ಮುಂದೆ ತಳ್ಳಿದ.

ಕಸ್ತೂರಿಬಾಯಿ ಮಲ್ಕಪ್ಪನ ಕೈಯಿಂದ ಹಳೇ ಪೇಪರ್ ಇಸಿದುಕೊಂಡು ಹೊಸದರ ಪಕ್ಕದಲ್ಲಿಟ್ಟಳು. ಒಂದರಲ್ಲಿ ನಗುವ ಹೆಂಗಸು, ಒಂದರಲ್ಲಿ ಕಿರುಚುವ ಹೆಂಗಸು.

"ಎರಡೂ ಒಬ್ಬನೇ ಬರದಾನ. ಇದರಾಗ ಗಿರಣಿ ಎಲ್ಲಾರಿಗೂ ತೆರದದ ಅಂತಾನ. ಇದರಾಗ ಮಾಲಕ ಬ್ಯಾಡ ಅಂದ, ನಾ ನುಗ್ಗೇನಿ ಅಂತಾನ. ಎಲ್ಲಾರಿಗೂ ತೆರದ ಗಿರಣಿಗೆ ಯಾರರ ನುಗ್ಗತಾರೇನ್ರಿ? ಮಾಲಕ ಯಾಕ ಬ್ಯಾಡ ಅಂದ? ಯಾರಿಗೆ ಬ್ಯಾಡ ಅಂದ? ಅದನ್ನೂ ಕೆಳಗ ಬರೀರಿ."

ಪೊಲೀಸ್ ಒಂದು ಪೇಪರ್ ನೋಡಿದ, ಇನ್ನೊಂದು ನೋಡಿದ. ಹಿಂದಿದ್ದ ಇನ್ಸ್‌ಪೆಕ್ಟರರ ಕೋಣೆಯ ಕಡೆ ನೋಡಿದ. ಪೆನ್ನಿನ ಕ್ಯಾಪು ಹಾಕಿದ.

"ಅದೆಲ್ಲಾ ಇಲ್ಲಿ ಬರೂದಿಲ್ಲ ಬೇ. ಹೆಬ್ಬಟ್ಟ ಒತ್ತು."

ಅವಳು ಕೈ ಮುಂದೆ ಚಾಚಲಿಲ್ಲ. ಹಿಂದಿನಿಂದ ರಮಾಬಾಯಿ ಬಂದು ಅತ್ತೆಯ ಪಕ್ಕ ಕೂತಳು. ಮಲ್ಕಪ್ಪ ಕೂತ. ಬೆಂಚು ತುಂಬಿತು. ಉಳಿದವರು ನೆಲಕ್ಕೆ ಕೂತರು, ಬಾಗಿಲವರೆಗೂ.

"ನಾ ನುಗ್ಗಿದ್ದು ಬರಕೊಂಡ್ರಿ. ನನ್ನ ತುರುಬು ಹಿಡದದ್ದು, ಒದ್ದದ್ದು, ನಮ್ಮ ಜ್ವಾಳ ಹೊಳ್ಳಿ ಕಳಿಸಿದ್ದು ಬರಕೋರಿ" ಎಂದಳು ಕಸ್ತೂರಿಬಾಯಿ. "ಪೂರಾ ಬರಿಯೂತನಕ ನಾವು ಇಲ್ಲಿಂದ ಏಳೂದಿಲ್ಲ. ಪೆನ್ನ ತಗೀರಿ."